ಪೆರಿಯಾರಿನ ನೀರೂ ಮುಚ್ಚಿದ ಕಡತವೂ

ಕಂಬಂ ಕಣಿವೆಯ ತೆಂಕಣ ತುದಿಯಲ್ಲಿ, ಗೂಡಲೂರನ್ನು ದಾಟಿ ಕುಮಳಿಯ ಘಟ್ಟವನ್ನೇರುವ ಮುನ್ನ, ಲೋಯರ್ ಕ್ಯಾಂಪ್ ಎಂಬ ಸಣ್ಣ ವಸತಿಯೊಂದು ಸಿಗುತ್ತದೆ. ಅಲ್ಲಿ ನಿಂತು ತಲೆಯೆತ್ತಿ ನೋಡಿದರೆ ಬೆಟ್ಟದ ಬೆನ್ನಿನ ಮೇಲಿಂದ ನಾಲ್ಕು ಭಾರಿ ಕೊಳವೆಗಳು ಇಳಿದು ಬರುವುದು ಕಾಣುತ್ತದೆ. ಅವುಗಳೊಳಗಿನ ನೀರು, ಪ್ರಕೃತಿ ಹಾಕಿಕೊಟ್ಟ ದಾರಿಯಲ್ಲೇ ನಡೆದಿದ್ದರೆ, ಪಡುವಣಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರಬೇಕಾಗಿದ್ದ ಪೆರಿಯಾರಿನ ನೀರು. ಮನುಷ್ಯನ ಪ್ರಯತ್ನದಿಂದ ಅದು ಮೂಡಣಕ್ಕೆ ತಿರುಗಿ, ಬೆಟ್ಟವನ್ನು ಕೊರೆದ ಸುರಂಗದಲ್ಲಿ ನುಸುಳಿ, ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ, ಸುರುಳಿಯಾರಿನ ಮೂಲಕ ವೈಗೈ ನದಿಯನ್ನು ಕೂಡುತ್ತದೆ. ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗಳು ಮೊದಲು ಈ ನೀರನ್ನು ಕಾಣುತ್ತವೆ. ಆಮೇಲೆ ತೇನಿ, ವೈಗೈ ಜಲಾಶಯ, ದಿಂಡಿಗಲ್ ಜಿಲ್ಲೆಯ ನಿಲಕ್ಕೋಟೆ ಸೀಮೆ, ಅಲ್ಲಿಂದ ಮುಂದೆ ಮಧುರೆ, ಶಿವಗಂಗೆ, ರಾಮನಾಥಪುರ.

ಈ ಕಣಿವೆ ನಮ್ಮವರಿಗೆ ತೀರ ಅನ್ಯವಾದುದಲ್ಲ. ಇಲ್ಲಿಯ ಒಕ್ಕಲು ಮಕ್ಕಳಲ್ಲಿ ಕಪ್ಪಿಲಿಯರೆಂಬ ಒಂದು ಸಮುದಾಯದ ಮನೆಮಾತು ಕನ್ನಡ. ಸುತ್ತಲೂ ತಮಿಳಿನ ನಡುವೆ ತಲೆಮಾರುಗಳನ್ನು ಕಳೆದು ಅವರ ಕನ್ನಡ ತನ್ನದೇ ಆದ ಒಂದು ಬಗೆಯನ್ನು ತಳೆದಿದೆ. ಕಂಬಂನಲ್ಲಿ ಅವರು ಸಾಕುವ ದೇವರ ಆವುಗಳ ಹಿಂಡನ್ನು ಕುರಿತು ಇಪ್ಪತ್ತನೆಯ ಶತಮಾನದ ಆದಿಯ ಆಂಗ್ಲ ಗ್ರಂಥಕಾರರು ಸಹ ಬರೆದಿದ್ದಾರೆ. ಆದುದರಿಂದ ಪೆರಿಯಾರಿನ ಕಥೆಯನ್ನು ನಮ್ಮ ಪತ್ರಿಕೆಯಲ್ಲಿ ಹೇಳುವುದಕ್ಕೆ ನೆಪ ಹುಡುಕಬೇಕಾಗಿಲ್ಲ. ಕಾವೇರಿಯ ಕಥೆಯನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಪರಿಚಿತವಾದುದು ಬಹಳವೇ ಸಿಕ್ಕೀತು.

ಅಣೆಕಟ್ಟಿನ ಸ್ಥಾಪತ್ಯವನ್ನು ಕುರಿತು ಬರೆದವರು ಅನೇಕರಿದ್ದಾರೆ. ನ್ಯಾಯಾಲಯದ ವಾದವನ್ನು ಕುರಿತು ಬರೆದವರು ಅದಕ್ಕೂ ಹೆಚ್ಚು. ಪ್ರಕೃತ ಲೇಖನದ ವಿಷಯ ಬೇರೆ. ಎರಡು ಸರ್ಕಾರಗಳ ನಡುವೆ ಒಂದು ನೀರು ಇರುವಾಗ ಆ ನೀರನ್ನು ಕುರಿತ ಕಾಗದ ಯಾರ ಕೈಯಲ್ಲಿ ಇತ್ತು, ಯಾರಿಗೆ ಸಿಗಲಿಲ್ಲ, ಸಿಗದಿದ್ದಾಗ ಏನಾಯಿತು ಎಂಬುದನ್ನಷ್ಟೇ ಇಲ್ಲಿ ನೋಡತಕ್ಕದ್ದು. ಕಾಗದವನ್ನು ಹೊರಗೆ ಬಿಟ್ಟರೆ ಸರ್ಕಾರಗಳ ಬಾಂಧವ್ಯ ಕೆಡುತ್ತದೆ ಎಂಬುದು ಆಡಳಿತಗಾರರ ಹಳೆಯ ನಂಬಿಕೆ. ಪೆರಿಯಾರಿನ ಚರಿತ್ರೆಯನ್ನು ಓದಿದವನಿಗೆ ಈ ನಂಬಿಕೆಯಲ್ಲಿ ಬಹಳ ಹೊತ್ತು ನಿಲ್ಲುವುದು ಕಷ್ಟವಾಗುತ್ತದೆ.

ಪಡುವಣ ನೀರನ್ನು ಮೂಡಣಕ್ಕೆ ತಿರುಗಿಸಬೇಕೆಂಬ ಯೋಚನೆ 18ನೆಯ ಶತಮಾನದ ಕೊನೆಗೇ ರಾಮನಾಡಿನ ಪ್ರಧಾನಿ ಮುತ್ತು ಇರುಳಪ್ಪ ಪಿಳ್ಳೆಯವರಿಗೆ ಹೊಳೆದಿತ್ತು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಸ್ಥಳವನ್ನು ಕಂಡು, ಇದು ಆಗುವ ಹೋಗುವ ಮಾತಲ್ಲವೆಂದು ಬರೆದುಬಿಟ್ಟ. 1867ರಲ್ಲಿ ಮೇಜರ್ ರೈವ್ಸ್ ಮತ್ತೆ ಯೋಜನೆಯನ್ನು ಎತ್ತಿದ. ಅಷ್ಟರಲ್ಲಿ 1876-78ರ ಮಹಾಕ್ಷಾಮ ಬಂದು ಮದರಾಸು ಆಧಿಪತ್ಯವನ್ನು ಸುಟ್ಟುಹಾಕಿತು. ಸರ್ಕಾರದ ಮನಸ್ಸು ಗಟ್ಟಿಯಾದುದು ಆ ಹೊಡೆತದ ತರುವಾಯ. ಆದರೆ ಕಟ್ಟೆ ಕಟ್ಟಬೇಕಾದ ನೆಲ ತಿರುವಾಂಕೂರು ಸಂಸ್ಥಾನದ್ದು. ಮಾತುಕತೆ ವರ್ಷಾಂತರಗಳ ಕಾಲ ಎಳೆದು, 1886ರ ಅಕ್ಟೋಬರ್ 29ರಂದು ಗುತ್ತಿಗೆ ಪತ್ರಕ್ಕೆ ಅಂಕಿತ ಬಿದ್ದಿತು. ತಿರುವಾಂಕೂರಿನ ಪರವಾಗಿ ದಿವಾನ ವೆಂಬಾಕಂ ರಾಮಯ್ಯಂಗಾರ್ಯರು, ಮದರಾಸಿನ ಕಡೆಯಿಂದ ರೆಸಿಡೆಂಟ್ ಹ್ಯಾನಿಂಗ್ಟನ್ ರುಜು ಹಾಕಿದರು. 8,000 ಎಕರೆ ನೆಲ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. ವರ್ಷದ 40,000 ರೂಪಾಯಿ ಗುತ್ತಿಗೆ ಹಣವನ್ನು ತಿರುವಾಂಕೂರು ತಾನು ಕೊಡಬೇಕಾದ ಪೊಗದಿಯಲ್ಲಿ ಮುರಿದುಕೊಳ್ಳಬಹುದಿತ್ತು.

ಈ ಪತ್ರದಲ್ಲಿ ಸಮಾನರಿಬ್ಬರು ಕೂಡಿದ್ದರೆಂದು ಹೇಳುವಂತಿಲ್ಲ. ಒಬ್ಬ ಚಕ್ರಾಧಿಪತ್ಯದ ಪ್ರತಿನಿಧಿ, ಇನ್ನೊಬ್ಬ ಅದರ ಅಧೀನದ ರಾಜನ ದಿವಾನ. ಯೋಜನೆಯ ಅಳತೆ, ನಕ್ಷೆ, ಅಂದಾಜುಗಳು ಮದರಾಸಿನ ಇಂಜಿನಿಯರರ ಮೇಜಿನ ಮೇಲೆ ಹುಟ್ಟಿದವು. ನೀರಿನ ಬೆಲೆ ಎಷ್ಟೆಂಬುದನ್ನು ಬಲ್ಲವನು ಗುತ್ತಿಗೆಗೆ ಪಡೆದವನೇ ಹೊರತು ಕೊಟ್ಟವನಲ್ಲ ಎಂಬ ದೂರು ಪಡುವಣದವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹೋಗದಿರುವುದಕ್ಕೆ ಕಾರಣವೂ ಇದೆ.

ಇಲ್ಲಿ ಒಂದು ಮಾತನ್ನು ನಡುವೆ ಹೇಳಬೇಕು. ಕೇರಳದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ: ಮಹಾರಾಜ ವಿಶಾಖಂ ತಿರುನಾಳರು ಈ ಪತ್ರಕ್ಕೆ ತಮ್ಮ ಎದೆಯ ರಕ್ತದಿಂದ ರುಜು ಹಾಕುತ್ತಿರುವುದಾಗಿ ನೊಂದು ನುಡಿದರಂತೆ. ಕಥೆ ಮನಮುಟ್ಟುವಂಥದು. ಆದರೆ ವಿಶಾಖಂ ತಿರುನಾಳರು 1885ರ ಆಗಸ್ಟಿನಲ್ಲಿಯೇ ತೀರಿಕೊಂಡಿದ್ದರು; ಪತ್ರವಾದಾಗ ಪಟ್ಟದಲ್ಲಿದ್ದವರು ಶ್ರೀಮೂಲಂ ತಿರುನಾಳರು; ರುಜುವಾದರೂ ದಿವಾನರದು. ಮೂಡಣ ಕಡೆಯಲ್ಲಿ ಇದಕ್ಕೆ ಸಮವಾದ ಇನ್ನೊಂದು ಕಥೆ ಇದೆ. ಅಣೆಕಟ್ಟನ್ನು ಕಟ್ಟಿದ ಜಾನ್ ಪೆನ್ನಿಕ್ವಿಕ್, ಸರ್ಕಾರ ಹಣ ನಿಲ್ಲಿಸಿದಾಗ, ಇಂಗ್ಲೆಂಡಿನ ತನ್ನ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಮಾರಿ ಕೆಲಸ ಮುಗಿಸಿದನಂತೆ. ಕಂಬಂ, ಗೂಡಲೂರುಗಳಲ್ಲಿ ಇದನ್ನು ನಂಬದವರು ಕಡಮೆ. ಅವನ ಹುಟ್ಟುಹಬ್ಬ ಜನವರಿ 15ಕ್ಕೆ ಬೀಳುವುದರಿಂದ ಪೊಂಗಲಿನ ಸಂಭ್ರಮದಲ್ಲಿ ಅವನಿಗೂ ಪಾಲುಂಟು. ಲೋಯರ್ ಕ್ಯಾಂಪಿನಲ್ಲಿ 2013ರಲ್ಲಿ ಅವನ ಸ್ಮಾರಕ ಮಂಟಪವೂ ಎದ್ದಿತು. ಪೆನ್ನಿಕ್ವಿಕ್ ಈ ಗೌರವಕ್ಕೆ ಅರ್ಹನೇ. ಆದರೆ ಒಡವೆ ಮಾರಿದ ಕಥೆಗೆ ಕಾಗದದ ಆಧಾರ ಸಿಕ್ಕಿಲ್ಲ. ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ: ಒಂದು ಕಡೆಗೆ ಕಳೆದುಕೊಂಡ ರಾಜನ ರಕ್ತ, ಇನ್ನೊಂದು ಕಡೆಗೆ ಕೊಟ್ಟ ದೊರೆಯ ಒಡವೆ. ಜನರು ಪತ್ರವನ್ನು ಓದದೆ ಇದ್ದಾಗ ಅದರ ಜಾಗದಲ್ಲಿ ಇಂಥವು ಬೆಳೆಯುತ್ತವೆ.

ಅಣೆಕಟ್ಟಿನ ಕೆಲಸ 1887ರಲ್ಲಿ ಆರಂಭವಾಗಿ 1895ರಲ್ಲಿ ಮುಗಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಲಾರ್ಡ್ ವೆನ್ಲಾಕ್ ನೀರನ್ನು ಬಿಟ್ಟ. ಸುಣ್ಣ, ಸುರಕಿ, ಕಲ್ಲು. ತಳಪಾಯದಿಂದ 176 ಅಡಿ ಎತ್ತರ. ಬೆಟ್ಟದೊಳಗೆ ಒಂದು ಮೈಲಿಗೂ ಮಿಕ್ಕ ಸುರಂಗ. ಕೆಲಸದಲ್ಲಿದ್ದ ಮೆಕೆಂಜಿ ಎಂಬ ಇಂಜಿನಿಯರನು ಬರೆದ ಯೋಜನೆಯ ಚರಿತ್ರೆ 1899ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪ್ರವಾಹ ಬಂದು ಕಟ್ಟಿದ್ದೆಲ್ಲ ಕೊಚ್ಚಿಹೋದದ್ದು, ಮಲೆಯ ಜ್ವರಕ್ಕೆ ಕೂಲಿಗಳು ಬಲಿಯಾದದ್ದು, ಯಾವುದನ್ನೂ ಅದು ಮುಚ್ಚುವುದಿಲ್ಲ. ಇದೇ ಸರ್ಕಾರ 1889ರಲ್ಲಿ ಹಿಂದೂಸ್ಥಾನದ ಮೊದಲನೆಯ ಅಧಿಕೃತ ರಹಸ್ಯಗಳ ಶಾಸನವನ್ನು ಮಾಡಿತ್ತು ಎಂಬುದನ್ನು ನೆನೆದರೆ ಆಶ್ಚರ್ಯವಾದೀತು. ಆಶ್ಚರ್ಯಕ್ಕೆ ಎಡೆಯಿಲ್ಲ. ಕೆಲಸ ಮುಗಿದಿತ್ತು, ಕೀರ್ತಿ ಬೇಕಾಗಿತ್ತು, ಎದುರಿಗೆ ವಾದಿಸುವವರು ಯಾರೂ ಇರಲಿಲ್ಲ. ಗೆದ್ದವನಿಗೆ ಕಾಗದ ತೋರಿಸುವುದು ಸುಲಭ.

ರಹಸ್ಯ ಶಾಸನ ಕರ್ಜನ್ ಪ್ರಭುವಿನ ಕಾಲದಲ್ಲಿ, 1904ರಲ್ಲಿ, ಇನ್ನಷ್ಟು ಬಿಗಿಯಾಯಿತು. 1923ರಲ್ಲಿ ಹೊಸ ರೂಪದಲ್ಲಿ ಬಂದು, ಸ್ವಾತಂತ್ರ್ಯಾನಂತರವೂ ಉಳಿಯಿತು. ಅದರ ಪಕ್ಕದಲ್ಲಿ 1872ರ ಸಾಕ್ಷ್ಯ ಶಾಸನದ ಒಂದು ವಿಧಿ, ಸರ್ಕಾರದ ಅಪ್ರಕಟಿತ ಕಾಗದಗಳನ್ನು ಇಲಾಖೆಯ ಮುಖ್ಯಸ್ಥನ ಒಪ್ಪಿಗೆಯಿಲ್ಲದೆ ಕೋರ್ಟಿನಲ್ಲಿಯೂ ಹಾಜರು ಮಾಡಕೂಡದೆಂದು ವಿಧಿಸಿತು. ಇವೆರಡರ ನೆರಳಿನಲ್ಲಿ ಬೆಳೆದ ಗುಮಾಸ್ತನಿಗೆ ಕಾಗದ ಕೇಳಿದವನೆಲ್ಲ ಕಳ್ಳನಂತೆ ಕಂಡರೆ ಅವನೊಬ್ಬನ ತಪ್ಪೆನ್ನಲಾಗದು.

1930ರ ದಶಕದಲ್ಲಿ ಮದರಾಸು ಇದೇ ನೀರಿನಿಂದ ವಿದ್ಯುತ್ತನ್ನು ತೆಗೆಯಬಯಸಿದಾಗ, ನೀರಾವರಿಗೆಂದು ಕೊಟ್ಟದ್ದನ್ನು ಬೇರೆ ಕೆಲಸಕ್ಕೆ ಬಳಸಬಾರದೆಂದು ತಿರುವಾಂಕೂರು ತಡೆಯಿತು. ವಿವಾದ ಪಂಚಾಯಿತಿಗೆ ಹೋಯಿತು. ಪಂಚರಿಬ್ಬರೂ ಒಮ್ಮತಕ್ಕೆ ಬಾರದೆ ಸರಪಂಚ ಸರ್ ನಳಿನಿ ರಂಜನ್ ಚಟರ್ಜಿಯವರು 1941ರ ಮೇ 12ರಂದು ತಿರುವಾಂಕೂರಿನ ಪರವಾಗಿ ತೀರ್ಪಿತ್ತರು. ಐವತ್ತೈದು ವರ್ಷಗಳ ಹಿಂದಿನ ಪತ್ರದ ಒಂದೊಂದು ಪದವನ್ನೂ ಬೆಳಕಿಗೆ ಹಿಡಿದು ನೋಡಿದ ಕಾಲ ಅದು. ಅಸಮಾನರ ಪತ್ರವಾದರೂ, ಎಲ್ಲರ ಎದುರು ಓದಿದಾಗ ಸಣ್ಣವನಿಗೂ ಒಮ್ಮೆ ಗೆಲುವು ಸಿಕ್ಕಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಣೆಕಟ್ಟಿರುವ ಪೀರುಮೇಡು ತಾಲ್ಲೂಕು ಕೇರಳಕ್ಕೆ ಉಳಿಯಿತು. ಕಟ್ಟೆಯ ಯಜಮಾನಿಕೆ, ಬಾಗಿಲುಗಳ ಕೀಲಿ, ಮದರಾಸಿಗೆ ಉಳಿದವು. ಮನೆ ಒಬ್ಬರದು, ಬೀಗ ಇನ್ನೊಬ್ಬರದು. ಲೋಯರ್ ಕ್ಯಾಂಪಿನ ವಿದ್ಯುದಾಗಾರ ಕೆಲಸಕ್ಕೆ ತೊಡಗಿದ ಎಷ್ಟೋ ವರ್ಷಗಳ ತರುವಾಯ, 1970ರ ಮೇ 29ರಂದು, ಪೂರಕ ಕರಾರುಗಳಾದವು. ಎಕರೆಯ ಗುತ್ತಿಗೆ 30 ರೂಪಾಯಿಗೇರಿತು. ಮೀನು ಹಿಡಿಯುವ ಹಕ್ಕು ಕೇರಳಕ್ಕೆ ಬಂತು. ವಿದ್ಯುತ್ತಿನ ಹಕ್ಕು ತಮಿಳುನಾಡಿಗೆ ಸಂದಿತು.

ನಿಜವಾದ ಗೋಜಲು ಹುಟ್ಟಿದ್ದು 1979ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಗುಜರಾತಿನ ಮೋರ್ವಿಯ ಬಳಿ ಮಚ್ಛೂ ಅಣೆಕಟ್ಟು ಒಡೆದು ಊರು ನಾಶವಾಯಿತು. ಎಂಬತ್ತನಾಲ್ಕು ವರ್ಷದ ಸುಣ್ಣದ ಕಟ್ಟೆಯ ಕೆಳಗೆ ಮಲಗುವ ಜನರಿಗೆ ಆ ಸುದ್ದಿ ಏನು ಮಾಡಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಜಲ ಆಯೋಗದ ಅಧ್ಯಕ್ಷರು ಸ್ಥಳವನ್ನು ಪರಿಶೀಲಿಸಿದರು. ನವೆಂಬರ್ 25ರಂದು ಎರಡೂ ರಾಜ್ಯಗಳ ಅಧಿಕಾರಿಗಳ ಸಭೆ ಸೇರಿತು. ನೀರಿನ ಮಟ್ಟವನ್ನು 152 ಅಡಿಯಿಂದ 136ಕ್ಕೆ ಇಳಿಸುವುದೆಂದೂ, ಕಟ್ಟೆಯ ತಲೆಗೆ ಕಾಂಕ್ರೀಟು ಹೊದಿಸಿ, ಉಕ್ಕಿನ ಹಗ್ಗಗಳಿಂದ ಬಿಗಿದು, ಬೆನ್ನಿಗೆ ಆಸರೆ ಕಟ್ಟುವುದೆಂದೂ ನಿಶ್ಚಯವಾಯಿತು. ಹೊಸ ಕಟ್ಟೆಯ ಮಾತೂ ಆ ಸಭೆಯಲ್ಲಿ ಬಂದಿತ್ತು.

ಸಭೆಯ ನಡವಳಿ ಒಂದು. ಅದರ ಅರ್ಥ ಎರಡಾಯಿತು. ಕಟ್ಟೆಯನ್ನು ಬಲಪಡಿಸಿದ ಕೂಡಲೆ ಮಟ್ಟವನ್ನು ಮೊದಲಿನಂತೆ ಏರಿಸುವುದೆಂಬುದು ತಮಿಳುನಾಡಿನ ಓದು. ಬಲಪಡಿಸುವುದು ತಾತ್ಕಾಲಿಕ, ಹೊಸ ಕಟ್ಟೆಯೇ ಶಾಶ್ವತವೆಂಬುದು ಕೇರಳದ ಓದು. ನಡವಳಿಯ ಪ್ರತಿಯನ್ನು ಆ ತಿಂಗಳಲ್ಲೇ ಎರಡು ಭಾಷೆಗಳಲ್ಲಿ ಅಚ್ಚುಹಾಕಿಸಿ ಕಂಬಂನ ಸಂತೆಯಲ್ಲಿಯೂ ವಂಡಿಪೆರಿಯಾರಿನ ಪೇಟೆಯಲ್ಲಿಯೂ ಹಂಚಿದ್ದರೆ ಜಗಳ ತಪ್ಪುತ್ತಿತ್ತೇ? ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಜಗಳ ಕಾಗದದ ಸುತ್ತ ನಡೆಯುತ್ತಿತ್ತು. ಹಾಗಾಗದೆ ಜನರು ಬಹುಮಟ್ಟಿಗೆ ತಮ್ಮ ತಮ್ಮ ಭಾಷೆಯ ಪತ್ರಿಕೆಗಳು ಮಾಡಿದ ವ್ಯಾಖ್ಯಾನವನ್ನೇ ನಂಬಿ ಮುಂದಿನ ಎರಡು ದಶಕಗಳನ್ನು ಕಳೆದರು. ಕಂಬಂನ ರೈತನಿಗೆ 16 ಅಡಿ ನೀರು ತನ್ನ ಗದ್ದೆಯಿಂದ ಕಸಿದದ್ದಾಗಿ ತೋರಿತು. ವಂಡಿಪೆರಿಯಾರಿನ ಗೃಹಸ್ಥನಿಗೆ ಅದೇ 16 ಅಡಿ ತನ್ನ ಮಕ್ಕಳ ತಲೆಯ ಮೇಲಿನಿಂದ ತೆಗೆದ ಭಾರವಾಗಿ ತೋರಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

2006ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ಮಟ್ಟವನ್ನು 142 ಅಡಿಗೆ ಏರಿಸಬಹುದೆಂದಿತು. ಮರುತಿಂಗಳೇ ಕೇರಳದ ಶಾಸನಸಭೆ ತನ್ನ ಕಾನೂನನ್ನು ತಿದ್ದಿ 136ಕ್ಕೇ ನಿಲ್ಲಿಸಿತು. ತಮಿಳುನಾಡು ಮತ್ತೆ ದಾವೆ ಹೂಡಿತು. 2010ರಲ್ಲಿ ನ್ಯಾಯಮೂರ್ತಿ ಎ. ಎಸ್. ಆನಂದರ ಅಧ್ಯಕ್ಷತೆಯಲ್ಲಿ ಅಧಿಕಾರಯುಕ್ತ ಸಮಿತಿ ನೇಮಕವಾಯಿತು. ಸಮಿತಿಯ ಕೆಲಸ ನಡೆಯುತ್ತಿರುವಾಗಲೇ 2011ರ ಕೊನೆಯ ತಿಂಗಳುಗಳು ಬಂದವು.

ಆ ದಿನಗಳನ್ನು ಕಣಿವೆಯವರು ಮರೆತಿಲ್ಲ. ಇಡುಕ್ಕಿಯಲ್ಲಿ ಸಣ್ಣ ಭೂಕಂಪನಗಳಾದವು. ಅಣೆಕಟ್ಟು ಒಡೆಯುವ ಕಥೆಯ ಚಲನಚಿತ್ರವೊಂದು ಅದೇ ನವೆಂಬರಿನಲ್ಲಿ ಬಂತು. ತಮಿಳುನಾಡು ಅದನ್ನು ತಡೆಹಿಡಿಯಿತು. ಕಟ್ಟೆ ಇಂದು ಒಡೆಯುತ್ತದೆ, ನಾಳೆ ಒಡೆಯುತ್ತದೆ ಎಂಬ ಗಾಳಿಸುದ್ದಿ ಪಡುವಣದಲ್ಲಿ. ನಮ್ಮವರನ್ನು ಹೊಡೆಯುತ್ತಿದ್ದಾರೆಂಬ ಸುದ್ದಿ ಮೂಡಣದಲ್ಲಿ. ಡಿಸೆಂಬರಿನಲ್ಲಿ ಕುಮಳಿಯ ಗಡಿ ಮುಚ್ಚಿತು. ಕಂಬಂ, ಗೂಡಲೂರುಗಳಿಂದ ಸಹಸ್ರಾರು ಜನ ಘಟ್ಟದ ಕಡೆಗೆ ಹೊರಟರು, ಪೊಲೀಸರು ತಡೆದರು. ದಿನವೂ ಬೆಳಗ್ಗೆ ಜೀಪುಗಳಲ್ಲಿ ಕಿಕ್ಕಿರಿದು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಿದ್ದ ಹೆಣ್ಣಾಳುಗಳ ಕೂಲಿ ನಿಂತಿತು. ಅಲ್ಲಿಯೇ ನೆಲೆಸಿದ್ದ ತಮಿಳರು ಗಂಟುಮೂಟೆ ಹೊತ್ತು ಬೆಟ್ಟವಿಳಿದರು. ಇತ್ತ ಮಲೆಯಾಳಿಗಳ ಅಂಗಡಿಗಳ ಮೇಲೆ ಕಲ್ಲು ಬಿದ್ದಿತು. ಇದನ್ನು ಬರೆಯುವಾಗ ಕನ್ನಡಿಗನಾದವನು ತಲೆಯೆತ್ತಿ ಬರೆಯುವಂತಿಲ್ಲ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆಜ್ಞೆ ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಿಗೆ, ಬೆಂಗಳೂರಿನಲ್ಲಿ ತಮಿಳರಿಗಾದದ್ದು ನಮಗೆ ಗೊತ್ತು. ಆ ಆಜ್ಞೆಯಲ್ಲಿ ನಿಜವಾಗಿ ಏನಿತ್ತೆಂದು ಕಲ್ಲು ಹಿಡಿದವರಲ್ಲಿ ಎಷ್ಟು ಮಂದಿ ಓದಿದ್ದರು?

ಅದೇ 2011ರ ಡಿಸೆಂಬರ್ ಮೊದಲ ವಾರದಲ್ಲಿ ಕೇರಳದ ಅಡ್ವೊಕೇಟ್ ಜನರಲ್ಲರು ತಮ್ಮ ಹೈಕೋರ್ಟಿನ ಮುಂದೆ, ಪೆರಿಯಾರ್ ಕಟ್ಟೆ ಒಡೆದರೂ ಕೆಳಗಿನ ಇಡುಕ್ಕಿ ಜಲಾಶಯ ಆ ನೀರನ್ನು ತಡೆದುಕೊಳ್ಳಬಲ್ಲುದೆಂಬ ಅರ್ಥದ ಮಾತನ್ನಾಡಿದರು. ರಾಜ್ಯದಲ್ಲಿ ಕೋಲಾಹಲವೆದ್ದಿತು. ವಿಚಿತ್ರವೆಂದರೆ, ಮಾತು ನಿಜವೋ ಸುಳ್ಳೋ ಎಂಬುದಕ್ಕಿಂತ, ಅದನ್ನು ಬಹಿರಂಗವಾಗಿ ಹೇಳಿದ್ದೇ ರಾಜ್ಯಕ್ಕೆ ಬಗೆದ ದ್ರೋಹವೆಂಬಂತೆ ದೊಡ್ಡ ಚರ್ಚೆ ನಡೆಯಿತು. ಮಾಹಿತಿ ಎಂಬುದು ಅಷ್ಟರೊಳಗೆ ಒಂದು ಪಕ್ಷದ ಆಯುಧವಾಗಿಬಿಟ್ಟಿತ್ತು. ಅದು ಕಟ್ಟೆಯ ಕೆಳಗೆ ಮಲಗುವವನ ಸ್ವತ್ತು ಎಂಬ ನೆನಪು ಉಳಿದಿರಲಿಲ್ಲ.

ಇಲ್ಲಿ ಕಾನೂನಿನ ಕಡೆಗೆ ಸ್ವಲ್ಪ ತಿರುಗಬೇಕಾಗಿದೆ. ಅನೇಕ ದೇಶಗಳ ಮಾಹಿತಿ ಶಾಸನಗಳಲ್ಲಿ ಸರ್ಕಾರ ಸರ್ಕಾರಗಳ ನಡುವಣ ಬಾಂಧವ್ಯಕ್ಕೆ ಒಂದು ಬೇಲಿ ಹಾಕಿದ್ದಾರೆ. ಕೆನಡಾದ ಶಾಸನ ಒಕ್ಕೂಟಕ್ಕೂ ಪ್ರಾಂತಗಳಿಗೂ ನಡುವಣ ವ್ಯವಹಾರಕ್ಕೆ ಹಾನಿ ತರುವ ಕಾಗದವನ್ನು ತಡೆಹಿಡಿಯಬಹುದೆನ್ನುತ್ತದೆ. ಆಸ್ಟ್ರೇಲಿಯದಲ್ಲಿಯೂ ಅದೇ ಬಗೆ. ಬ್ರಿಟನ್ನಿನ 2000ದ ಶಾಸನ ಲಂಡನ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಆಡಳಿತಗಳ ನಡುವಣ ಸಂಬಂಧಕ್ಕೆ ಒಂದು ಪ್ರತ್ಯೇಕ ವಿಧಿಯನ್ನೇ ಇಟ್ಟಿದೆ. ಭಾರತದಲ್ಲಿ ಮಾಹಿತಿಯ ಹಕ್ಕಿಗೆ ಕಾನೂನು ಮಾಡಿದ ರಾಜ್ಯಗಳಲ್ಲಿ ಮುಂದಾಳು ತಮಿಳುನಾಡೇ, 1997ರಲ್ಲಿ. ಕರ್ನಾಟಕದ್ದು 2000ದಲ್ಲಿ ಬಂತು. ಪಾರ್ಲಿಮೆಂಟು 2002ರಲ್ಲಿ ಮಾಡಿದ ಮಾಹಿತಿ ಸ್ವಾತಂತ್ರ್ಯ ಶಾಸನದಲ್ಲಿ, ಕೇಂದ್ರ ಮತ್ತು ರಾಜ್ಯಗಳ ಬಾಂಧವ್ಯಕ್ಕೆ ಬಾಧಕವಾಗುವ ಮಾಹಿತಿಯನ್ನು, ಅವು ಪರಸ್ಪರ ಗುಟ್ಟಿನಲ್ಲಿ ಬರೆದುಕೊಂಡ ಪತ್ರಗಳನ್ನೂ ಸೇರಿಸಿ, ಕೊಡಬೇಕಾಗಿಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು. ಆ ಶಾಸನ ಜಾರಿಗೆ ಬರಲೇ ಇಲ್ಲ. 2005ರ ಮಾಹಿತಿ ಹಕ್ಕು ಶಾಸನ ಅದನ್ನು ರದ್ದುಮಾಡಿ ಬಂದಾಗ ಈ ವಿಧಿ ಕಾಣೆಯಾಗಿತ್ತು. ವಿದೇಶಗಳೊಡನೆ ಸಂಬಂಧ, ದೇಶದ ಭದ್ರತೆ, ರಾಷ್ಟ್ರದ ವೈಜ್ಞಾನಿಕ ಮತ್ತು ಆರ್ಥಿಕ ಹಿತ, ಇವು ಉಳಿದವು. ರಾಜ್ಯ ರಾಜ್ಯಗಳ ನಡುವಣ ಬಾಂಧವ್ಯವೆಂಬ ನೆಪ ಉಳಿಯಲಿಲ್ಲ. ಜೊತೆಗೆ, ಸಾರ್ವಜನಿಕ ಹಿತ ಹೆಚ್ಚಿನದಾದರೆ 1923ರ ರಹಸ್ಯ ಶಾಸನವೂ ಅಡ್ಡಬಾರದೆಂಬ ಮಾತು ಸೇರಿತು.

ಈ ಬದಲಾವಣೆಯನ್ನು ನಮ್ಮಲ್ಲಿ ಯಾರೂ ಹೆಚ್ಚಾಗಿ ಗಮನಿಸಿದಂತಿಲ್ಲ. ಗಂಗೆ, ಸಿಂಧೂ, ಬ್ರಹ್ಮಪುತ್ರಗಳ ಹರಿವಿನ ಲೆಕ್ಕವನ್ನು ನೆರೆದೇಶಗಳ ಕಾರಣದಿಂದ ಗುಟ್ಟಾಗಿ ಇಟ್ಟಿರುತ್ತಾರೆ, ಅದಕ್ಕೊಂದು ನಿಯಮವಿದೆ. ಪೆರಿಯಾರಿಗೂ ವೈಗೈಗೂ ನೆರೆದೇಶವಿಲ್ಲ. ಆದರೂ ಇಲ್ಲಿಯ ಅಧಿಕಾರಿ ನೆರೆರಾಜ್ಯವನ್ನು ವಿದೇಶವೆಂಬಂತೆ ಕಂಡರೆ ಅದು ಶಾಸನದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು. ಕಾನೂನು ಬಿಟ್ಟದ್ದನ್ನು ಅಭ್ಯಾಸ ಹಿಡಿದುಕೊಂಡಿದೆ.

ಈ ಅಭ್ಯಾಸ ಒಮ್ಮೆ ಪರೀಕ್ಷೆಗೆ ಒಳಗಾದದ್ದುಂಟು. ಪಶ್ಚಿಮ ಘಟ್ಟಗಳನ್ನು ಕುರಿತು ಮಾಧವ ಗಾಡ್ಗೀಳರ ಮಂಡಲಿ ತನ್ನ ವರದಿಯನ್ನು 2011ರ ಆಗಸ್ಟ್ ಕೊನೆಗೆ ಕೇಂದ್ರಕ್ಕೆ ಒಪ್ಪಿಸಿತು. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳ ಬೆಟ್ಟಗಳ ವಿಷಯ. ಕಂಬಂ ಕಣಿವೆಯ ಎರಡೂ ಗೋಡೆಗಳು ಅದರೊಳಗೆ ಬರುತ್ತವೆ. ವರದಿ ಇನ್ನೂ ಅಂತಿಮವಲ್ಲ, ರಾಜ್ಯಗಳೊಡನೆ ಸಮಾಲೋಚನೆ ನಡೆಯಬೇಕಾಗಿದೆ, ಈಗ ಹೊರಗೆ ಬಂದರೆ ರಾಷ್ಟ್ರದ ಹಿತಕ್ಕೆ ಧಕ್ಕೆ ಎಂದು ಸಚಿವಾಲಯ ಅದನ್ನು ಪೆಟ್ಟಿಗೆಯಲ್ಲಿಟ್ಟಿತು. ಕೇರಳದ ಒಬ್ಬ ಪ್ರಜೆ ಕೇಳಿದರು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲಿನಲ್ಲಿ ಕೊಡಬೇಕೆಂದಿತು. ಸಚಿವಾಲಯ ದೆಹಲಿಯ ಹೈಕೋರ್ಟಿಗೆ ಹೋಯಿತು. ಮೇ 17ರಂದು ಅದರ ಅರ್ಜಿ ವಜಾ ಆಯಿತು. ನೀತಿ ನಿಶ್ಚಯವಾದ ಮೇಲೆ ಕಾಗದ ಸಿಕ್ಕರೆ ಪ್ರಜೆ ಅದರಲ್ಲಿ ಪಾಲ್ಗೊಳ್ಳುವುದು ಹೇಗೆಂಬುದು ಆ ವ್ಯಾಜ್ಯದ ತಿರುಳು. ವರದಿ ಹೊರಬಂದ ತರುವಾಯ ರಾಜ್ಯಗಳು ಅದನ್ನು ವಿರೋಧಿಸಿದವು, ಜನರೂ ಬಹಳ ಕಡೆ ವಿರೋಧಿಸಿದರು. ಆ ವಿರೋಧದಲ್ಲಿ ತಪ್ಪು ತಿಳಿವಳಿಕೆ ಸಾಕಷ್ಟಿತ್ತೆಂಬುದು ನನ್ನ ಅಭಿಪ್ರಾಯ. ಎಂಟೊಂಬತ್ತು ತಿಂಗಳು ಮುಚ್ಚಿಟ್ಟದ್ದು ಆ ತಪ್ಪು ತಿಳಿವಳಿಕೆಯನ್ನು ಕಡಮೆ ಮಾಡಲಿಲ್ಲವಷ್ಟೆ.

ಗುಟ್ಟಿನ ಪಕ್ಷದಲ್ಲಿ ಹೇಳತಕ್ಕ ಮಾತೇ ಇಲ್ಲವೆಂದಲ್ಲ. ಇಬ್ಬರು ಮುಖ್ಯಮಂತ್ರಿಗಳು ಕುಳಿತು ಕೊಟ್ಟು ತೆಗೆದುಕೊಳ್ಳುವ ಮಾತನ್ನಾಡುವಾಗ, ಒಂದೊಂದು ಸಡಿಲಿಕೆಯೂ ಅದೇ ರಾತ್ರಿ ಪತ್ರಿಕೆಗೆ ಹೋದರೆ ಯಾರೂ ಬಾಯಿ ಬಿಡಲಾರರು. ಸಂಧಾನಕ್ಕೆ ಒಂದು ಒಳಮನೆ ಬೇಕು. ನನ್ನ ತಕರಾರು ಅದಕ್ಕಲ್ಲ. ನೀರಿನ ಮಟ್ಟವೆಷ್ಟು, ಸೋರಿಕೆ ಎಷ್ಟು, ಬಾಗಿಲು ಯಾವಾಗ ತೆರೆಯುತ್ತದೆ, ಇವು ಸಂಧಾನದ ಮಾತುಗಳಲ್ಲ. ಇವು ಥರ್ಮಾಮೀಟರಿನ ಪಾದರಸ. ಜ್ವರ ಎಷ್ಟಿದೆಯೆಂಬುದನ್ನು ರೋಗಿಯ ಬಂಧುಗಳಿಂದ ಮುಚ್ಚುವ ವೈದ್ಯನನ್ನು ನಾವು ಒಪ್ಪುವುದಿಲ್ಲ.

ಸಮಿತಿಯ ವರದಿ 2012ರ ಏಪ್ರಿಲ್ 25ರಂದು ಕೋರ್ಟಿಗೆ ಸೇರಿತು. 2014ರ ಮೇ 7ರಂದು ಐವರು ನ್ಯಾಯಮೂರ್ತಿಗಳ ಪೀಠ ಕೇರಳದ ಶಾಸನವನ್ನು ಅಸಿಂಧುವೆಂದು ಸಾರಿ, 142 ಅಡಿಯನ್ನು ಊರ್ಜಿತಗೊಳಿಸಿ, ಮೂವರು ಸದಸ್ಯರ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ನವೆಂಬರಿನಲ್ಲಿ ನೀರು 142ನ್ನು ಮುಟ್ಟಿದಾಗ ಕಣಿವೆಯಲ್ಲಿ ಹಬ್ಬವಾಯಿತು. ವ್ಯಾಜ್ಯ ಅಲ್ಲಿಗೆ ಮುಗಿದಂತೆ ಕಂಡಿತು. ಕಾಗದದ ವ್ಯಾಜ್ಯ ಮುಗಿಯಲಿಲ್ಲ.

ಮಳೆಗಾಲದ ಯಾವ ಹತ್ತು ದಿನದಲ್ಲಿ ನೀರು ಯಾವ ಮಟ್ಟವನ್ನು ಮೀರಬಾರದು, ಬರುವ ಪ್ರವಾಹಕ್ಕೆ ಎಷ್ಟು ಜಾಗ ಬಿಟ್ಟಿರಬೇಕು ಎಂದು ಹಾಕಿಕೊಳ್ಳುವ ಮಿತಿಯ ಪಟ್ಟಿಗೆ ಇಂಜಿನಿಯರರು ‘ರೂಲ್ ಕರ್ವ್’ ಎನ್ನುತ್ತಾರೆ. 2014ರ ತೀರ್ಪಿನಿಂದ ಏಳನೆಯ ವರ್ಷಕ್ಕೆ ಬಂದರೂ ಈ ಪಟ್ಟಿಯಾಗಲಿ, ಬಾಗಿಲು ತೆರೆಯುವ ಕ್ರಮವಾಗಲಿ, ಕಟ್ಟೆಯೊಳಗಿನ ಉಪಕರಣಗಳ ಲೆಕ್ಕವಾಗಲಿ ಸಮಿತಿಯ ಮುಂದೆ ಸರಿಯಾಗಿ ಬಂದಿರಲಿಲ್ಲವೆಂಬ ದೂರು ಕೋರ್ಟನ್ನು ಮುಟ್ಟಿತು. 2021ರ ಮಾರ್ಚ್ 16ರಂದು ಸುಪ್ರೀಂ ಕೋರ್ಟು, ರೂಲ್ ಕರ್ವಿನ ಮಾಹಿತಿಯನ್ನು ಎರಡು ವಾರದೊಳಗೆ ಒದಗಿಸದಿದ್ದರೆ ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯೇ ಸ್ವತಃ ಹೊಣೆಯಾಗಬೇಕಾದೀತೆಂದು ಎಚ್ಚರಿಸಿತು. ಕೇಳಿದವನು ಬೀದಿಯ ಪ್ರಜೆಯಲ್ಲ. ಕೋರ್ಟೇ ನೇಮಿಸಿದ ಸಮಿತಿ. ಅದಕ್ಕೇ ಈ ಪಾಡು.

ಅದೇ ವರ್ಷ ನವೆಂಬರಿನಲ್ಲಿ ನಡೆದ ಸಂಗತಿ ನಗೆಯನ್ನೂ ವ್ಯಥೆಯನ್ನೂ ಒಟ್ಟಿಗೆ ತರುವಂಥದು. ದೊಡ್ಡ ಕಟ್ಟೆಯ ಪಕ್ಕದಲ್ಲಿರುವ ಮರಿಕಟ್ಟೆಯನ್ನು ಭದ್ರಪಡಿಸುವುದಕ್ಕೆ ಅಲ್ಲಿಯ ಮರಗಳನ್ನು ಕಡಿಯಲು ತಮಿಳುನಾಡು ಬಹುಕಾಲದಿಂದ ಅನುಮತಿ ಕೇಳುತ್ತಿತ್ತು. ಕೇರಳದ ಅರಣ್ಯ ಇಲಾಖೆ 15 ಮರಗಳಿಗೆ ಅಪ್ಪಣೆ ಕೊಟ್ಟಿತು. ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ನರು ಸೌಜನ್ಯದಿಂದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ನರಿಗೆ ಕೃತಜ್ಞತೆಯ ಪತ್ರ ಬರೆದರು. ಆ ಪತ್ರ ಪ್ರಕಟವಾದಾಗಲೇ ಕೇರಳದಲ್ಲಿ ಅಪ್ಪಣೆಯ ವಿಷಯ ದೊಡ್ಡ ಸುದ್ದಿಯಾದದ್ದು; ತಮಗಿದು ತಿಳಿಯದೆಂದು ಅರಣ್ಯ ಸಚಿವರೇ ಹೇಳಿದರು. ಅಪ್ಪಣೆಯನ್ನು ಮೊದಲು ತಡೆಹಿಡಿದು, ಕೆಲವೇ ದಿನಗಳಲ್ಲಿ ರದ್ದುಮಾಡಿದರು. ಮೊದಲೇ ಎಲ್ಲರಿಗೂ ಕಾಣುವಂತೆ ಆ ಅರ್ಜಿಯೂ ಅದರ ಕಾರಣಗಳೂ ಇದ್ದಿದ್ದರೆ, 15 ಮರಗಳ ವಿಷಯ 15 ಮರಗಳಷ್ಟೇ ಆಗಿರುತ್ತಿತ್ತು.

ಡಿಸೆಂಬರಿನ ಮೊದಲ ವಾರದಲ್ಲಿ ಇದರ ಮತ್ತೊಂದು ಮುಖ ಕಂಡಿತು. ನೀರು 142ನ್ನು ಸಮೀಪಿಸಿದ್ದರಿಂದ ತಮಿಳುನಾಡಿನ ಇಂಜಿನಿಯರರು ರಾತ್ರಿಯ ಹೊತ್ತು ಬಾಗಿಲುಗಳನ್ನು ತೆರೆದರು. ಸಾಕಷ್ಟು ಮುನ್ನ ತಿಳಿಸಲಿಲ್ಲವೆಂದು ಕೇರಳ ಆಕ್ಷೇಪಿಸಿ ಕೋರ್ಟಿಗೂ ಹೋಯಿತು. ತಿಳಿಸಿದ್ದೆವೆಂದು ತಮಿಳುನಾಡು ಹೇಳಿತು. ವಂಡಿಪೆರಿಯಾರಿನ ಹೊಳೆಯಂಚಿನ ಮನೆಗಳಿಗೆ ನೀರು ನುಗ್ಗಿದ್ದು ಮಾತ್ರ ವಾದಾತೀತ. ಕತ್ತಲಲ್ಲಿ ಹಾಸಿಗೆ ಒದ್ದೆಯಾಗಿ ಎದ್ದವನಿಗೆ, ಎಚ್ಚರಿಕೆಯ ಪತ್ರ ಯಾವ ಕಚೇರಿಯಿಂದ ಹೊರಟು ಯಾವ ಕಚೇರಿಯಲ್ಲಿ ನಿಂತಿತೆಂಬ ವಿವರ ಯಾವ ಸಮಾಧಾನವನ್ನು ಕೊಟ್ಟೀತು?

ನೀರಿನ ಮಟ್ಟ 104 ಅಡಿಗಿಂತ ಕೆಳಗಿಳಿದರೆ ಕಂಬಂ ಕಡೆಗೆ ನೀರು ಹರಿಯದು. 142ನ್ನು ಮೀರಿದರೆ ವಂಡಿಪೆರಿಯಾರಿನವನಿಗೆ ನಿದ್ರೆ ಬಾರದು. ಈ ಎರಡು ಅಂಕಿಗಳ ನಡುವೆ ಎರಡು ಜಿಲ್ಲೆಗಳ ಬಾಳು ನಡೆದಿದೆ. ಕಾವೇರಿಯ ವಿಷಯದಲ್ಲಿ 2003ರಿಂದ ಕರ್ನಾಟಕ ಮತ್ತು ತಮಿಳುನಾಡಿನ ರೈತರು ‘ಕಾವೇರಿ ಕುಟುಂಬ’ವೆಂಬ ಹೆಸರಿನಲ್ಲಿ ಸರ್ಕಾರಗಳನ್ನು ಬಿಟ್ಟು ತಾವೇ ಸೇರಿ, ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿಬಂದರು. ಮಂಡ್ಯದವನು ತಂಜಾವೂರಿನ ಒಣಗಿದ ಕಾಲುವೆಯನ್ನು ಕಣ್ಣಾರೆ ಕಂಡ. ನೀರಿನ ಹಂಚಿಕೆ ಅದರಿಂದ ಇತ್ಯರ್ಥವಾಗಲಿಲ್ಲ; ಆದರೆ ಕಂಡವನು ಗಾಳಿಸುದ್ದಿಯನ್ನು ಅಷ್ಟು ಸುಲಭವಾಗಿ ನಂಬಲಾರ. ಗೂಡಲೂರಿನ ರೈತನೂ ವಂಡಿಪೆರಿಯಾರಿನ ತೋಟದ ಕೆಲಸಗಾರನೂ ಹಾಗೆ ಒಂದೇ ಪಡಸಾಲೆಯಲ್ಲಿ ಕುಳಿತುಕೊಳ್ಳಬೇಕೆಂಬುದು ನನ್ನ ಬಹುದಿನಗಳ ಆಸೆ. ಇಬ್ಬರ ನಡುವೆ ಇರುವುದು ಒಂದು ಘಟ್ಟದ ದಾರಿಯಷ್ಟೆ. ಅಲ್ಲಿ ಬಸ್ಸುಗಳ ಓಡಾಟಕ್ಕೆ ಕೊರತೆಯಿಲ್ಲ.

ಈ ಲೇಖನಕ್ಕಾಗಿ ಒಮ್ಮೆ ಕಣಿವೆಯ ಕಡೆಯ ಒಂದು ಕಚೇರಿಗೆ ಹೋಗಿ, ಹತ್ತು ವರ್ಷಗಳ ದಿನವಹಿ ನೀರಿನ ಮಟ್ಟದ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದೆ. ಮೇಜಿನ ಹಿಂದಿನ ಮಹನೀಯರು ಸಭ್ಯರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು. “ಇದು ಎರಡು ರಾಜ್ಯಗಳ ನಡುವಣ ವಿಷಯ, ಸಾರ್, ಕೊಡುವುದಕ್ಕಾಗುವುದಿಲ್ಲ” ಎಂದರು. ಯಾವ ಕಾನೂನಿನ ಯಾವ ವಿಧಿಯೆಂದು ಕೇಳುವ ಮನಸ್ಸಾಯಿತು. ಕಾಫಿ ಕುಡಿದ ಬಾಯಿಗೆ ಅದು ಹಿಡಿಸಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ಪಕ್ಕದ ಚಹದಂಗಡಿಯಲ್ಲಿ ಕುಳಿತೆ. ಬೆಂಚಿನ ಮೇಲೆ ಆ ದಿನದ ತಮಿಳು ಪತ್ರಿಕೆ ಬಿದ್ದಿತ್ತು. ಒಳಪುಟದ ಮೂಲೆಯಲ್ಲಿ, ಎಂದಿನಂತೆ, ಅಣೆಕಟ್ಟುಗಳ ನೀರಿನ ಮಟ್ಟದ ಪಟ್ಟಿ. ಮೊದಲನೆಯ ಸಾಲಿನಲ್ಲಿ ಮುಲ್ಲಪೆರಿಯಾರ್, ಅದರ ಮುಂದೆ ಅಡಿಯ ಲೆಕ್ಕ. ಅಂಗಡಿಯಾತ ಅದನ್ನು ಕಂಡು, ನಿನ್ನೆಗಿಂತ ಅರ್ಧ ಅಡಿ ಏರಿದೆಯೆಂದ. ನಾನು ಜೇಬಿನ ಪುಸ್ತಕವನ್ನು ತೆಗೆದು ಅಂಕಿಯನ್ನು ಬರೆದುಕೊಂಡೆ.